ಯಜಮಾನರ ಗೆರೆ ಕಲ್ಲು

ನಮ್ಮ ಯಜಮಾನರನ್ನು ಮಣ್ಣು ಮಾಡಿದಾಗ ತಲೆಯ ಕಡೆ ನೆಡುವ ಕಲ್ಲನ್ನು ನಾನೇ ಆರಿಸಿದೆ. ಕಪ್ಪು ಬಿಳಿ ಗೆರೆ ಸೊಟ್ಟಸೊಟ್ಟಗೆ ಓಡಿದ್ದ ಕಲ್ಲು. ಹೆಸರು ಕೆತ್ತಿಸೋಣ ಎಂದ ಮೈದುನ. ಬೇಡ ಅಂದೆ. ನನಗೆ ಓದು ಅಷ್ಟಕ್ಕಷ್ಟೆ; ಗೆರೆಯಾದರೆ ಗುರುತು ಸಿಗುತ್ತದೆ.

ಪ್ರತಿ ಮಹಾಲಯ ಅಮಾವಾಸ್ಯೆಗೆ ಮಾವಳ್ಳಿಯ ಮನೆಯಿಂದ ಸ್ಮಶಾನಕ್ಕೆ ನಡೆದು ಹೋಗಿ, ಹೊಂಗೆ ಮರದ ಬುಡದಲ್ಲಿದ್ದ ಆ ಕಲ್ಲು ತೊಳೆದು, ಹಾಲು ಬಿಟ್ಟು ಬರುತ್ತಿದ್ದೆ. ಅಕ್ಕಪಕ್ಕದವರ ಕಲ್ಲು ನೋಡಿದವಳಲ್ಲ.

ಈ ವರ್ಷ ಮೊಮ್ಮಗಳ ಜೊತೆ ಹೋದೆ. ಅವಳು ಕಾಲೇಜಿನಲ್ಲಿ ಕಲ್ಲು ಮಣ್ಣಿನದೇ ಓದು ಓದುತ್ತಾಳೆ. ಹೋದರೆ ಮರವೇ ಇಲ್ಲ. ಬುಡ ಕಿತ್ತು ಆ ಜಾಗ ಸಮ ಮಾಡಿದ್ದರು; ಸುತ್ತ ಮಣ್ಣು ಮೆತ್ತಿಕೊಂಡ ಕಲ್ಲುಗಳು.

ಗುಂಡಿ ತೋಡುವವನು ಬಂದ. "ನಿಮ್ದು ಯಾವ್ದು ತೋರಿಸ್ಬಿಡಿ ಅಮ್ಮಾ. ಯಾರೂ ಕೇಳ್ದೇ ಇರೋದನ್ನ ಅಗೀತಾ ಇದೀವಿ, ಹೊಸಬ್ರಿಗೆ ಜಾಗ ಇಲ್ಲ."

"ಗೆರೆ ಇರೋ ಕಲ್ಲು ಕಣಪ್ಪಾ," ಅಂದೆ.

ಮೊಮ್ಮಗಳು ಚೊಂಬಿನ ನೀರನ್ನು ಒಂದೊಂದೇ ಕಲ್ಲಿನ ಮೇಲೆ ಸುರಿದಳು. ಮಣ್ಣು ಜಾರಿತು. ಎಲ್ಲದರ ಮೇಲೂ ಗೆರೆ.

"ಬೆಂಗ್ಳೂರಿನ ಅಡೀಲೆಲ್ಲಾ ಇದೇ ಕಲ್ಲು ಅಜ್ಜಿ. ಲಾಲ್‌ಬಾಗ್ ಬಂಡೇನೂ ಇದೇ. ಭೂಮಿ ಒಳಗೆ ಕಾದು, ಮೆತ್ತಗಾಗಿ, ಅಮುಕಿ ಅಮುಕಿ ಹಿಂಗೆ ಪದರ ಆಗಿರೋದು. ಮುನ್ನೂರು ಕೋಟಿ ವರ್ಷ ಆಗಿದೆ."

"ನೀನು ಕಂಡಿದ್ದೆಯಾ?"

"ಒಳಗೆ ಸಾಸಿವೆಗಿಂತ ಸಣ್ಣ ಹರಳು ಇರ್ತವೆ ಅಜ್ಜಿ. ಅದ್ರಲ್ಲಿರೋ ಒಂದು ಲೋಹ ನಿಧಾನಕ್ಕೆ ಸೀಸ ಆಗ್ತಾ ಹೋಗುತ್ತೆ. ಎಷ್ಟು ಸೀಸ ಆಗಿದೆ ಅಂತ ಮಿಷನ್ನಲ್ಲಿ ನೋಡಿ ವಯಸ್ಸು ಹೇಳ್ತಾರೆ."

"ಹಂಗಾದ್ರೆ ನಾನು ನೆಡಿಸಿದ್ದು ಯಾವ್ದು ಅಂತ ಆ ಮಿಷನ್ನನ್ನೇ ಕೇಳು."

"ಅದು ಕಲ್ಲು ಹುಟ್ಟಿದ್ದು ಮಾತ್ರ ಹೇಳುತ್ತೆ ಅಜ್ಜಿ. ನೆಟ್ಟಿದ್ದು ಹೇಳಲ್ಲ."

ಮತ್ತೆ ಯಾಕೆ ಬೇಕು ಆ ಓದು, ಅಂದುಬಿಟ್ಟೆ. ಪಾಪ, ಅವಳ ಮುಖ ಸಣ್ಣದಾಯಿತು.

ಅಗೆಯದೆ ಬಿಡುವ ಕಲ್ಲಿಗೆ ಗುರುತು ಹಾಕಲು ಗುಂಡಿಯವನು ಸುಣ್ಣದ ಡಬ್ಬ ಹಿಡಿದು ಕಾಯುತ್ತಿದ್ದ. "ಬೇಗ ಹೇಳಿ ಅಮ್ಮಾ, ಇನ್ನೊಂದು ಹೆಣ ಬರ್ತಾ ಇದೆ."

ಕಲ್ಲುಗಳನ್ನು ಮುಟ್ಟಿ ನೋಡಿದೆ. ಎಲ್ಲಾ ಒಂದೇ ಥರ ತಣ್ಣಗೆ. ಏನೂ ಹೇಳದಿದ್ದರೆ ಎಲ್ಲವನ್ನೂ ಅಗೆಯುತ್ತಾರೆ. ಒಂದರ ಮೇಲೆ ಕೈ ಇಟ್ಟು, "ಇದೇ," ಅಂದೆ. ಅವನು ಸುಣ್ಣ ಬಳಿದ. ನಾನು ಹಾಲು ಬಿಟ್ಟೆ. ಅವರಿಗೋ, ಬೇರೆ ಯಾರಿಗೋ.

ಗೇಟಿನ ಹತ್ತಿರ ಬಂದಾಗ ಹಿಂದೆ ಗುದ್ದಲಿ ಬಿದ್ದ ಸದ್ದಾಯಿತು. ಯಾವ ಕಲ್ಲಿನ ಬುಡಕ್ಕೆ ಬಿತ್ತೆಂದು ತಿರುಗಿ ನೋಡಲಿಲ್ಲ.