ಬುತ್ತಿ ಬರೆದ ದುರುಗಮ್ಮ ಮೇಡಂ

ದುರುಗಮ್ಮ ಮೇಡಂ ತಮ್ಮ ಚಿತ್ರಗಳಿಗೆ ನಾಲ್ಕೂ ಕಡೆ ಕೊಂಡಿ ಹಾಕಿಸುತ್ತಿದ್ದರು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ದೇವರ ಪಟ, ಮದುವೆಯ ಫೋಟೊ, ತೀರಿಕೊಂಡವರ ಫೋಟೊ, ಎಲ್ಲದಕ್ಕೂ ತಲೆ ಒಂದೇ ಕಡೆ, ಕೊಂಡಿಯೂ ಒಂದೇ ಕಡೆ. ನಾಲ್ಕು ಕೊಂಡಿ ಕೇಳಿದವರು ಅವರೊಬ್ಬರೇ.

ಮೊದಲ ಸಲ ಬಂದಾಗ ಮಾನ್ವಿ ಬಸ್ಸಿನಿಂದ ಇಳಿದು, ಹಳೆಯ ಸೀರೆಯಲ್ಲಿ ಸುತ್ತಿದ ಕ್ಯಾನ್ವಾಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಬಿಚ್ಚಿದರೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೆಂಪು, ನಡುವೆ ಅಂಕುಡೊಂಕಾದ ಬಿಳಿ ಪಟ್ಟಿ. ಗಿಡವಿಲ್ಲ, ಮುಖವಿಲ್ಲ. ನಾನು ಅದನ್ನು ಎರಡು ಸಲ ತಿರುಗಿಸಿ, "ಇದರದು ಯಾವ ಕಡಿ ಮ್ಯಾಲ್ರಿ ಮೇಡಂ?" ಎಂದೆ. ನನ್ನ ದನಿಯಲ್ಲಿ ಗೇಲಿ ಇತ್ತು. ಅವರಿಗೆ ಅದು ತಿಳಿಯದೆ ಇರಲಿಲ್ಲ.

"ನಾಕೂ ಕಡಿ ಕೊಂಡಿ ಹಾಕು. ನನಗ ಯಾವತ್ತು ಯಾವ ಕಡಿ ಬೇಕೋ ಆ ಕಡಿ ತೂಗಾಕ್ತೀನಿ."

"ಇದು ಏನಂತ ಕೇಳಬಹುದೇನ್ರಿ?"

"ನಮ್ಮವ್ವ ವರ್ಷಾ ಗ್ವಾಡಿಗಿ ಕೆಮ್ಮಣ್ಣು ಬಳೀತಿದ್ದಳು. ಇದು ಏನಂತ ಅಕಿನ್ನ ಯಾರರ ಕೇಳಿದ್ರೇನು? ಚೊಲೊ ಬಳದಿ ಅಂದು ಹೋಗ್ತಿದ್ರು."

ಅವರ ಅವ್ವ ದೇವದುರ್ಗದಲ್ಲಿ ಕೂಲಿ ಮಾಡಿಯೇ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು. ದೊಡ್ಡವರು ದುರುಗಮ್ಮ ಓದಿ, ಮಾನ್ವಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಶಿಕ್ಷಕಿಯಾದರು. ಕುಳ್ಳಗಿನ ಆಳು, ಉಗುರಿನ ಸಂದಿಯಲ್ಲಿ ಸದಾ ಬಣ್ಣ, ಕೊನೆಯ ಬೆಂಚಿನವರೆಗೂ ಕೇಳಿಸುವ ದನಿ. "ಕಣ್ಣಿಗಿ ಗಡಿಬಿಡಿ ಬ್ಯಾಡ" ಎನ್ನುವುದು ಅವರ ಬಾಯಿಪಾಠದ ಮಾತು. ಜೊತೆಯ ಶಿಕ್ಷಕರು, "ಸಾಲ್ಯಾಗ ಹುಡುಗ್ರಿಗಿ ಮಾವಿನಹಣ್ಣು ಕಲಸ್ತೀರಿ, ಮನ್ಯಾಗ ಬರೇ ಪಟ್ಟಿ ಬಳೀತೀರಿ" ಎಂದು ಆಡಿಕೊಂಡರೆ, "ಮಾವಿನಹಣ್ಣು ಬರಿಯಾಕ ಬರ್ತದ. ಬರ್ತದಂತ ಅದನ್ನ ಬರೀಬೇಕೇನು?" ಎನ್ನುತ್ತಿದ್ದರಂತೆ.

ಅಂಥವರಿಂದ ಹಣ್ಣಿನ ಬುಟ್ಟಿ ಬರೆಸಲು ಹೋದವನು ನಾನೇ. ಸಿರವಾರದ ಅಕ್ಕಿ ಮಿಲ್ಲಿನ ಮಾಲಕರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಅವರ ದೇವರ ಪಟಗಳಿಗೆಲ್ಲ ಕಟ್ಟು ಹಾಕಿದವನು ನಾನು. ಪಡಸಾಲೆಗೆ ಒಂದು ದೊಡ್ಡ ಚಿತ್ರ ಬೇಕೆಂದಾಗ ಮೇಡಂ ಅವರನ್ನು ಕರೆದುಕೊಂಡು ಹೋದೆ. "ಸೇಬು, ದ್ರಾಕ್ಷಿ ಇರಬೇಕ್ರಿ. ನೋಡಿದ್ರ ಬಾಯಾಗ ನೀರು ಬರಬೇಕು" ಎಂದರು ಮಾಲಕರು. ಮೇಡಂ ಒಲ್ಲೆ ಎನ್ನುತ್ತಾರೆಂದುಕೊಂಡಿದ್ದೆ. ಅವರು, "ಮೊದಲ ನಿಮ್ಮ ಮಿಲ್ ನೋಡ್ತೀನಿ" ಎಂದರು.

ನಾಲ್ಕು ದಿನ ಅವರು ಮಿಲ್ಲಿನ ಅಂಗಳ ಬಿಡಲಿಲ್ಲ. ಭತ್ತ ಒಣಹಾಕುವ ಹೆಂಗಸರು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುವ ಹೊತ್ತಿಗೆ ಇವರು ಬಣ್ಣದ ಪೆಟ್ಟಿಗೆ ಬಿಚ್ಚುತ್ತಿದ್ದರು. ಯಂಕಮ್ಮ ಎಂಬಾಕೆಯ ಬುತ್ತಿಯ ಮುಂದೆಯೇ ಕೂತರು.

"ಉಣ್ಣಾಕ ಬಿಡ್ತೀರಿಲ್ಲೋ ಅಕ್ಕೋರ?" ಎಂದಳಂತೆ ಆಕೆ.

"ಉಣ್ಣವ್ವ, ಉಣ್ಣು. ನಾಳಿ ಮತ್ತ ಬರ್ತೀನಿ."

ಆ ಚಿತ್ರ ನನ್ನ ಅಂಗಡಿಗೆ ಬಂದ ದಿನ ಕೆಲಸ ಬಿಟ್ಟು ನೋಡುತ್ತ ನಿಂತೆ. ಚೌಕಳಿ ಅರಿವೆಯ ಮೇಲೆ ಮೂರು ಜೋಳದ ರೊಟ್ಟಿ, ಪುಂಡಿಪಲ್ಯ, ಗುದ್ದಿ ಒಡೆದ ಉಳ್ಳಾಗಡ್ಡಿ, ಪಕ್ಕದಲ್ಲಿ ನೀರಿನ ಬಾಟಲಿ. ಮನುಷ್ಯರಿಲ್ಲ. ರೊಟ್ಟಿಯ ಸುಟ್ಟ ಕಲೆಗಳಲ್ಲಿ ನೀಲಿ ಇತ್ತು. ರೊಟ್ಟಿಯಲ್ಲಿ ನೀಲಿ ಇರುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮಾಲಕರು ಅಂಗಡಿಗೆ ಬಂದು ನೋಡಿದರು. "ಮೇಡಂ, ಪಡಸಾಲ್ಯಾಗ ಕೂಲಿಯೋರ ಬುತ್ತಿ ಹಾಕಿದ್ರ ಬಂದೋರು ಏನಂತಾರ?"

"ಹಸಿವಾತು ಅಂತಾರ."

"ಹಣ್ಣ ಬರದು ಕೊಡ್ರಿ ನೀವು."

"ಹಣ್ಣು ಸಂತ್ಯಾಗ ಸಿಗ್ತಾವ. ತಂದು ಇಡ್ರಿ" ಎಂದು ಮೇಡಂ ಚಿತ್ರವನ್ನು ಸೀರೆಯಲ್ಲಿ ಸುತ್ತಿಕೊಂಡರು.

ಅವರ ಕಲಾವಿದ ಗೆಳೆಯರು, ನವ್ಯ ಕಲೆ ಬಿಟ್ಟು ಹಿಂದಕ್ಕೆ ಸರಿದಳು ಎಂದರು. ಶಾಲೆಯವರು, ಅಂತೂ ದಾರಿಗೆ ಬಂದರು ಎಂದರು. ಮೇಡಂಗೆ ಹೆಚ್ಚು ಸಿಟ್ಟು ಬಂದದ್ದು ಎರಡನೆಯ ಮಾತಿಗೆ.

ಕೆಲವು ತಿಂಗಳ ನಂತರ ರಾಯಚೂರಿನಲ್ಲೊಂದು ಚಿತ್ರಪ್ರದರ್ಶನ ನಡೆಯಿತು. ಮೇಡಂ ಈ ಚಿತ್ರವನ್ನೇ ಕೊಟ್ಟರು. ಹೋಗಿ ನೋಡಿದರೆ ಚಿತ್ರದ ಕೆಳಗೆ ಅಚ್ಚು ಹಾಕಿದ ಚೀಟಿ: 'ಬಡವರ ಊಟ'. ಮೇಡಂ ಕೊಟ್ಟ ಹೆಸರು 'ಬುತ್ತಿ'. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, ಈ ಚಿತ್ರ ನೋಡಿ ತಮ್ಮ ಕಣ್ಣು ತುಂಬಿತೆಂದು ಹೇಳುತ್ತಿದ್ದಾಗ ಮೇಡಂ ಎದ್ದು ನಿಂತರು.

"ಸರ್, ಅದು ಬಡವರ ಊಟ ಅಲ್ರಿ. ಯಂಕಮ್ಮನ ಬುತ್ತಿ. ಅಕಿ ನಸಿಕಿನ್ಯಾಗ ಎದ್ದು ಬಡದ ರೊಟ್ಟಿ. ನೀವು ಮರುಗಲಿ ಅಂತ ಬರದಿಲ್ಲ, ನೋಡಲಿ ಅಂತ ಬರದೀನಿ."

ಸಂಘಟಕರಲ್ಲೊಬ್ಬರು ಹತ್ತಿರ ಬಂದು, "ಕುಂದರ್ರಿ ಮೇಡಂ, ಆಮ್ಯಾಲ ಮಾತಾಡೋಣು" ಎಂದರು.

"ಹೆಸರು ತಿದ್ರಿ. ಇಲ್ಲಂದ್ರ ಚಿತ್ರ ಕೊಡ್ರಿ."

"ಅಚ್ಚಾಗಿ ಹೋಗ್ಯಾದ್ರಿ. ಈಗ ಹ್ಯಾಂಗ ಆಗ್ತದ?"

ಮೇಡಂ ಕುರ್ಚಿ ಎಳೆದು, ಹತ್ತಿ, ಚಿತ್ರವನ್ನು ಮೊಳೆಯಿಂದ ಬಿಡಿಸಿದರು. "ಮೌಲಾ, ಕೆಳಗ ಹಿಡಿ" ಎಂದು ನನ್ನನ್ನು ಕರೆದರು. ಅಲ್ಲಿದ್ದವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆದರೂ ಹಿಡಿದೆ. ಅವರಲ್ಲಿ ಎಷ್ಟೋ ಜನ ಆಮೇಲೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಮರುದಿನ ಆ ಚಿತ್ರ ಹೊತ್ತು ಇಬ್ಬರೂ ಸಿರವಾರದ ಬಸ್ಸು ಹತ್ತಿದೆವು. ಮಿಲ್ಲಿನ ಗೇಟಿನ ಹೊರಗೆ ಬಿಚ್ಚಿ ಇಟ್ಟಾಗ ಹೆಂಗಸರೆಲ್ಲ ಸುತ್ತುವರಿದು ನಕ್ಕರು. "ಯವ್ವಾ, ರೊಟ್ಟಿ ನೋಡಬೇ, ತಿನ್ನಂಗ ಅದ" ಎಂದಳೊಬ್ಬಳು. ಯಂಕಮ್ಮ ಮಾತ್ರ ನಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಮೂಲೆ ಮೂಲೆಯನ್ನೂ ನೋಡಿದಳು.

"ಎಲ್ಲಾ ಬರೋಬ್ಬರಿ ಅದ ಅಕ್ಕೋರ. ಆದ್ರ ನನ್ನ ಅರಿವಿ ಇಲ್ಲಿ ಹರದಿಲ್ಲ."

ಅರಿವೆಯ ಒಂದು ಅಂಚಿನಲ್ಲಿ ಮೇಡಂ ಸಣ್ಣದೊಂದು ತೂತು ಬರೆದಿದ್ದರು. ಆಕೆ ತನ್ನ ಅರಿವೆ ತಂದು ಝಾಡಿಸಿ ಹಿಡಿದಳು. ಮಾಸಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ.

ದುರುಗಮ್ಮ ಮೇಡಂ ಅವರ ಮುಖ ಇಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟು ದೊಡ್ಡ ಸಭೆಯಲ್ಲಿ ತಲೆ ತಗ್ಗಿಸದವರು ಆ ಗೇಟಿನ ಮುಂದೆ ತಗ್ಗಿಸಿದರು. ಮೆಲ್ಲಗೆ ಅಂದರು: "ಹೌದವ್ವ, ನಂದ ತಪ್ಪು. ನಾನೂ ಮರುಗಿಬಿಟ್ಟೀನಿ." ಅಲ್ಲೇ ಮಣ್ಣಲ್ಲಿ ಕೂತು ಪೆಟ್ಟಿಗೆ ತೆಗೆದು, ಆ ತೂತನ್ನು ಚೌಕಳಿಯಿಂದ ಮುಚ್ಚಿದರು. ಯಂಕಮ್ಮ ಪಕ್ಕದಲ್ಲಿ ನಿಂತು, "ಕೆಂಪು ಗೆರಿ ಇನ್ನಾ ಸಣ್ಣದು" ಎಂದು ಹೇಳುತ್ತಿದ್ದಳು. ಮೇಡಂ ಹೇಳಿದಂತೆ ಬರೆದರು.

ಅಲ್ಲಿಂದ ಅವರ ಚಿತ್ರಗಳು ಮತ್ತೆ ಬೇರೆಯಾದವು. ಒಂದರಲ್ಲಿ ಬುತ್ತಿಯ ಗಂಟು ಮಾತ್ರ ಇತ್ತು, ಗುಡ್ಡದಷ್ಟು ದೊಡ್ಡದಾಗಿ. ಇನ್ನೊಂದರಲ್ಲಿ ಅರಿವೆಯ ಚೌಕಗಳಷ್ಟೇ, ಅವೂ ಅಂಚಿಗೆ ಹೋಗುತ್ತ ಕರಗಿದ್ದವು. "ಇದು ಬುತ್ತಿನೋ ಪಟ್ಟಿನೋ ಮೇಡಂ?" ಎಂದರೆ, "ಸಮೀಪ ಹೋದ್ರ ಪಟ್ಟಿ, ದೂರ ನಿಂತ್ರ ಬುತ್ತಿ. ನೀ ಎಲ್ಲಿ ನಿಂತಿ ನೋಡ್ಕೋ" ಎನ್ನುತ್ತಿದ್ದರು. ಮುಂದೆ ಯಾವ ಪ್ರದರ್ಶನದವರೂ ಅವರನ್ನು ಕರೆಯಲಿಲ್ಲ. ಅವರೂ ಕೇಳಲಿಲ್ಲ, ಬರೆಯುವುದನ್ನು ಬಿಡಲೂ ಇಲ್ಲ.

ನಿವೃತ್ತರಾದ ಮೇಲೆ ಚೀಕಲಪರ್ವಿಯಲ್ಲಿ, ಹೊಳೆಗೆ ಹತ್ತಿರವಾಗಿ, ಒಂದು ಕೋಣೆ ಬಾಡಿಗೆ ಹಿಡಿದರು. ಕಳೆದ ವರ್ಷ ಬೈಕಿನಲ್ಲಿ ಹೋಗಿದ್ದೆ. ತುಂಬ ಸೊರಗಿದ್ದರು. ಆರೋಗ್ಯ ಕೇಳಿದರೆ, "ಅದನ್ನ ಡಾಕ್ಟರು ನೋಡ್ಕೋತಾರ, ನೀ ಚಿತ್ರ ನೋಡು" ಎಂದರು. ಎದುರಿನ ಕಲ್ಲಿನ ಮೇಲೆ ಹಿತ್ತಾಳೆಯ ತಂಬಿಗೆ, ಕ್ಯಾನ್ವಾಸಿನ ಮೇಲೆಯೂ ಅದೇ ತಂಬಿಗೆ, ಬಿಸಿಲು ಬಿದ್ದು ಹೊಳೆಯುತ್ತಿತ್ತು.

"ಥೇಟ್ ತಂಬಿಗಿನ ಎತ್ತಿ ಇಟ್ಟಂಗ ಅದರೀ" ಎಂದೆ.

"ಅಷ್ಟ ಏನು?" ಎಂದರು. ಸ್ವಲ್ಪ ಹೊತ್ತು ನೋಡಿ, ಕುಂಚ ಒರೆಸುವ ಎಣ್ಣೆ ಅರಿವೆ ತೆಗೆದುಕೊಂಡು ಹಸಿ ಬಣ್ಣದ ಮೇಲೆ ಜೋರಾಗಿ ಎಳೆದರು. ನಾನು ತಡೆಯಲು ಕೈ ಚಾಚಿದೆ. ಅವರು ನಕ್ಕರು. "ಕಲ್ಲಿನ ಮ್ಯಾಲ ಒಂದು ಐತಲ್ಲೋ, ಇನ್ನೊಂದು ಯಾಕ? ನಾಳಿ ಮತ್ತ ಹಿಡೀತೀನಿ."

ಎರಡು ದಿನಕ್ಕೆ ಆಸ್ಪತ್ರೆ ಸೇರಿದರು. ಮರಳಿ ಬರಲಿಲ್ಲ.

ಮಣ್ಣಾದ ಮೇಲೆ ಅವರ ಸಾಮಾನೆಲ್ಲ ದೇವದುರ್ಗದ ತಂಗಿಯ ಮನೆಗೆ ಹೋಯಿತು. ತಂಗಿ ಹುಲಿಗೆಮ್ಮ ನನಗೆ ಹೇಳಿ ಕಳಿಸಿದಳು. ಹೋದಾಗ ಒರೆಸಿದ ಆ ಕ್ಯಾನ್ವಾಸನ್ನೇ ಮುಂದೆ ತಂದಿಟ್ಟಳು. "ಅಣ್ಣಾ, ಅಕ್ಕನ ಸಾಲಿ ಮಾಸ್ತರು ಒಬ್ಬರು ಬಂದಿದ್ರು. ಚಿತ್ರ ಕೆಟ್ಟದ, ತಂಬಿಗಿ ಬರದು ಪೂರ್ತಿ ಮಾಡಿಕೊಡ್ತೀನಿ ಅಂದ್ರು. ಏನ್ಮಾಡ್ಲಿ?"

ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಅರಿವೆ ಎಳೆದ ದಾರಿಯುದ್ದಕ್ಕೂ ಹಿತ್ತಾಳೆಯ ಬಣ್ಣ ಹೊಳೆಯ ನೀರಿನಂತೆ ಹರಿದು ಹೋಗಿತ್ತು. ಒಂದು ಬದಿಗೆ ತಂಬಿಗೆಯ ಕಂಠದ ಬಾಗು ಸ್ವಲ್ಪವೇ ಉಳಿದಿತ್ತು. ತಂಬಿಗೆ ಇದೆ ಎನ್ನಲಾಗದು, ಇಲ್ಲ ಎನ್ನಲೂ ಆಗದು.

"ಯಾರಿಗೂ ಮುಟ್ಟಾಕ ಕೊಡಬ್ಯಾಡವ್ವ" ಎಂದೆ. "ಬರದೋರು ಮೇಡಮ್ಮೋರು. ಒರಸಿದೋರೂ ಅವರ."

ಹುಲಿಗೆಮ್ಮ ಇನ್ನೊಮ್ಮೆ ಚಿತ್ರದ ಕಡೆ ನೋಡಿದಳು. ಆಮೇಲೆ ಬಾಗಿಲಿಗೆ ಎದುರಾದ ಗೋಡೆಯ ಮೇಲಿದ್ದ ಕ್ಯಾಲೆಂಡರ್ ತೆಗೆದು, ಮೊಳೆ ಎಲ್ಲಿ ಹೊಡೆಯಬೇಕೆಂದು ಬೆರಳಿಟ್ಟು ತೋರಿಸಿದಳು.