ಸ್ಲೇಟ್ ಫೋರ್ಕಿನ ಡಾಕ್ಟರಿಗಾಗಿ ವರ್ನಾ ಹೂಡಿದ ಜಗಳ

ವರ್ನಾ ಸ್ಟಿಡಮ್ ನನ್ನ ಅತ್ತಿಗೆ. ಕೆಂಟಕಿಯ ಈ ಗುಡ್ಡಗಳಲ್ಲಿ ಶಾಲೆಯ ಬಸ್ಸು ಓಡಿಸಿಯೇ ತಲೆ ಬೆಳ್ಳಗಾದವಳು. ಅವಳ ಬಾಯಿಗೆ ಹೆದರಿ ಪುಂಡ ಹುಡುಗರೂ ಬಸ್ಸಿನಲ್ಲಿ ತೆಪ್ಪಗಿರುತ್ತಿದ್ದರು. ಅವಳ ಗಂಡ, ಅಂದರೆ ನನ್ನ ಅಣ್ಣ ಡಾರೆಲ್, ಗಣಿಯಲ್ಲಿ ದುಡಿದು ಎದೆ ತುಂಬ ಕಲ್ಲಿದ್ದಲ ಧೂಳು ಹೊತ್ತು ತಂದಿದ್ದ.

ನಮ್ಮ ಸ್ಲೇಟ್ ಫೋರ್ಕಿಗೆ ಬರಲು ಯಾವ ಡಾಕ್ಟರೂ ಒಪ್ಪಿರಲಿಲ್ಲ. ಕೊನೆಗೆ ಬಂದವಳು ಘಾನಾದ ಅರಬಾ ಕ್ವಾನ್ಸಾ. ಇಲ್ಲಿ ತರಬೇತಿ ಮುಗಿಸಿದ ಹೊರದೇಶದ ಡಾಕ್ಟರು ಎರಡು ವರ್ಷ ತನ್ನ ನಾಡಿಗೆ ಮರಳಿ ಅಲ್ಲಿರಬೇಕು. ವೈದ್ಯರಿಲ್ಲದ ಊರಿನಲ್ಲಿ ಮೂರು ವರ್ಷ ದುಡಿದರೆ ಆ ಷರತ್ತು ಮಾಫಿ. ಹಾಗೆ, ಸಿಟಿಯ ಆಸ್ಪತ್ರೆ ಕಂಪನಿಯೊಂದು ನಮ್ಮೂರಲ್ಲಿ ನಡೆಸುತ್ತಿದ್ದ ಕ್ಲಿನಿಕ್ಕಿಗೆ ಬಂದವಳು ಅವಳು.

“ಡಾರೆಲ್ ಅಣ್ಣ, ನಿನ್ನೆದೇಲಿ ಇನ್ನೂ ಗಣಿ ನಡೀತಾ ಇದೆ,” ಎಂದು ಅರಬಾ ಛೇಡಿಸುತ್ತಿದ್ದಳು.

“ಬೀಗ ಹಾಕ್ಸು ಮತ್ತೆ, ಡಾಕ್ಟ್ರಮ್ಮ,” ಎಂದು ಅವನು ಕೆಮ್ಮುತ್ತಲೇ ನಗುತ್ತಿದ್ದ.

ಎರಡನೆಯ ಚಳಿಗಾಲಕ್ಕೆ ಕ್ಲಿನಿಕ್ಕು ತೆರೆಯುವುದೇ ಅಪರೂಪವಾಯಿತು. ಒಂದು ಬೆಳಿಗ್ಗೆ ಡಾರೆಲ್ ಉಸಿರಿಗಾಗಿ ಒದ್ದಾಡುತ್ತಿದ್ದಾಗ ವರ್ನಾ ಅವನನ್ನು ಅಲ್ಲಿಗೆ ಒಯ್ದಳು. ಬಾಗಿಲು ಮುಚ್ಚಿತ್ತು. ಗುಡ್ಡದಾಚೆಯ ಆಸ್ಪತ್ರೆ ಸೇರುವ ಮೊದಲೇ ಕಾರಿನಲ್ಲಿ ಅವನ ಪ್ರಾಣ ಹೋಯಿತು.

ಮಣ್ಣು ಮಾಡಿ ಬಂದ ಸಂಜೆ ಅರಬಾ ಪಾತ್ರೆಯಲ್ಲಿ ಅನ್ನ, ಸಾರು ಹಿಡಿದು ಬಂದಳು. ವರ್ನಾ ಹೊಸ್ತಿಲಲ್ಲೇ ತಡೆದಳು.

“ಈಗ ಬಂದ್ಯಾ? ಅವತ್ತೆಲ್ಲಿ ಸತ್ತಿದ್ದೆ?”

“ಸಿಟಿ ಆಸ್ಪತ್ರೇಲಿದ್ದೆ, ಅಮ್ಮ. ಕಂಪನಿಯೋರು ನನ್ನನ್ನ ಅಲ್ಲೇ ದುಡಿಸ್ತಾರೆ. ಕಾಗದದಲ್ಲಿ ಮಾತ್ರ ನಾನು ಈ ಊರಲ್ಲಿದೀನಿ.”

“ಆಗಲ್ಲ ಅನ್ನೋಕೆ ಬಾಯಿರ್ಲಿಲ್ವಾ?”

“ಅಂದೆ. ‘ಹಾಗಾದ್ರೆ ಗಂಟುಮೂಟೆ ಕಟ್ಟು’ ಅಂದ್ರು. ಕೆಲಸ ಹೋದ್ರೆ ವೀಸಾನೂ ಹೋಗತ್ತೆ.”

ವರ್ನಾ ಪಾತ್ರೆ ಇಸಿದುಕೊಂಡು, “ಒಳಗೆ ಬಾ,” ಎಂದಳು. ಸಿಟ್ಟು ಇಳಿದಿರಲಿಲ್ಲ, ಯಾರ ಮೇಲೆ ಹೋಗಬೇಕೋ ಆ ಕಡೆ ತಿರುಗಿತ್ತು.

ಮುಂದಿನ ವಾರ ಚರ್ಚಿನ ಬಸ್ಸು ಕೇಳಿ ಪಡೆದಳು. ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಮುದುಕ ಗಣಿಗಾರರು ಹತ್ತಿದರು, ನಾನೂ ಹತ್ತಿದೆ. ನಮ್ಮ ಡಾಕ್ಟರನ್ನು ವಾಪಸು ಕಳಿಸು ಎಂದು ವರ್ನಾ ಕೇಳಿದಾಗ, ಸಿಟಿಯಲ್ಲಿ ಕಂಪನಿಯ ಮ್ಯಾನೇಜರು ಲೂಮಿಸ್ ಕುರ್ಚಿಯಿಂದ ಏಳದೆಯೇ ಹೇಳಿದ:

“ನಿಮ್ಮೂರಲ್ಲಿ ಸಾಕಷ್ಟು ರೋಗಿಗಳೇ ಇಲ್ಲ, ಮೇಡಂ.”

“ಎಲ್ಲಿಂದ ಇರ್ತಾರೆ ಕಣಯ್ಯ? ನೀನು ಬಾಗ್ಲು ಮುಚ್ಚಿದ್ರೆ ನಾವು ಸಾಯ್ತೀವಿ. ಸತ್ತೋರು ಬಂದು ಕ್ಯೂ ನಿಲ್ತಾರಾ?”

ಅವನು ಕಾವಲುಗಾರನನ್ನು ಕರೆದ. ಅವಳು ಬಸ್ಸನ್ನು ನೇರ ರಾಜಧಾನಿಗೆ ಓಡಿಸಿ, ಅರಬಾಳ ಮಾಫಿಗೆ ಶಿಫಾರಸು ಮಾಡಿದ್ದ ಆರೋಗ್ಯ ಕಚೇರಿಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿದಳು. ಅಧಿಕಾರಿಯೊಬ್ಬಳು ಬಂದು ಪೂರ್ತಿ ಕೇಳಿಸಿಕೊಳ್ಳುವವರೆಗೆ ಯಾರೂ ಕದಲಲಿಲ್ಲ.

ವಿಚಾರಣೆಯಾಯಿತು. ಅರಬಾ ನಿಜವನ್ನೆಲ್ಲ ಹೇಳಿದಳು. ತಿಂಗಳುಗಳು ಕಳೆದ ಮೇಲೆ, ಉಳಿದ ಅವಧಿಯನ್ನು ನಮ್ಮೂರಲ್ಲೇ ಹೊಸದಾಗಿ ತೆರೆಯಲಿದ್ದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮುಗಿಸಲು ಅವಳಿಗೆ ಅಪ್ಪಣೆ ಸಿಕ್ಕಿತು. ಲೂಮಿಸ್‌ಗೆ ಏನೂ ಆಗಲಿಲ್ಲ. ಬಡ್ತಿಯೇ ಸಿಕ್ಕಿತಂತೆ.

ಕೇಂದ್ರ ತೆರೆದ ದಿನ ಮುಖಂಡರೊಬ್ಬರು, “ನಿಮ್ಮೆಲ್ಲರ ತಾಳ್ಮೆಗೆ ನಾನು ಋಣಿ,” ಎಂದರು.

ವರ್ನಾ ಎದ್ದು ನಿಂತಳು. “ಯಾರ್ ತಾಳ್ಮೆ? ತಾಳ್ಕೊಂಡಿದ್ದಕ್ಕೇ ನನ್ ಗಂಡ ಮಣ್ಣಾಗಿದ್ದು!”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ದಡದಡನೆ ಹೊರಗೆ ನಡೆದಳು. ಒಳಗೆ ಭಾಷಣ ಮುಂದುವರಿಯಿತು. ಅರಬಾ ಮಾತ್ರ ವೇದಿಕೆ ಇಳಿದು, ಅವಳ ಹಿಂದೆಯೇ ಹೋಗಿ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕುಳಿತಳು.