ಮೂರು ಮಧ್ಯಾಹ್ನಗಳ ನೆರವು

ದರ್ಜಿ ಅಂಗಡಿಯಲ್ಲಿ ಅವಳ ಕೆಲಸ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು. ವಯಸ್ಸು ಐವತ್ತೆರಡು. ಅಂಗಡಿಯ ಮಾಸ್ಟರ್ ಒಬ್ಬರನ್ನು ಬಿಟ್ಟರೆ ಮಿಕ್ಕವರೆಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ನಿಜವಾಗಿ ಅವಳು ಅಕ್ಕನಾಗಿರುವುದು ಒಬ್ಬನಿಗೆ ಮಾತ್ರ. ಆ ತಮ್ಮನಿಗೆ ನಲವತ್ತಮೂರು. ಮಾತು, ಹಟ, ನಗು ಐದಾರು ವರ್ಷದ ಮಗುವಿನವು. ಯಾರು ಎಷ್ಟೇ ಹಾರ್ನ್ ಹೊಡೆಯಲಿ, ರಸ್ತೆಯ ನಡುವೆ ತನ್ನದೇ ಗತಿಯಲ್ಲಿ ನಡೆಯುವ ಅವನಿಗೆ ಬೀದಿಯವರಿಟ್ಟ ಹೆಸರು ದೊರೆ.

ತಾಯಿ ತೀರಿಕೊಂಡ ಮೇಲೆ ದೊರೆಯ ದರ್ಬಾರು ಪೂರ್ತಿ ಅಕ್ಕನ ಪಾಲಿಗೆ ಬಂತು. ಇಂಥವರ ಕುಟುಂಬಗಳಿಗೆ ನೆರವಾಗುವ ಕೇಂದ್ರದಿಂದ ವಾರಕ್ಕೆ ಮೂರು ಮಧ್ಯಾಹ್ನ ಆರೈಕೆಯವಳೊಬ್ಬಳು ಬರುತ್ತಾಳೆ. ಆ ಮೂರು ಮಧ್ಯಾಹ್ನಗಳಲ್ಲೇ ಅಕ್ಕ ಅಂಗಡಿಗೆ ಹೋಗುವುದು. ಅಂಗಿಗಳನ್ನು ಮನೆಗೇ ತಂದು ಹೊಲಿದರಾಗದೇ ಎಂದು ಕೇಳಿದವರುಂಟು. ಸೂಜಿ, ಕತ್ತರಿ, ದೊರೆ, ಈ ಮೂರನ್ನೂ ಒಂದೇ ಕೋಣೆಯಲ್ಲಿ ಕಂಡವರಾರೂ ಹಾಗೆ ಕೇಳಿಲ್ಲ.

ಎರಡು ವರ್ಷಕ್ಕೊಮ್ಮೆ ಕೇಂದ್ರದ ಮೇಡಂ ಪ್ರಶ್ನೆಗಳ ಹಾಳೆ ಹಿಡಿದು ಮನೆಗೆ ಬಂದು, ಎಷ್ಟು ನೆರವು ಬೇಕೆಂದು ಅಳೆದು ಹೋಗುತ್ತಾರೆ. ಹಿಂದೆಲ್ಲ ತಾಯಿಯೇ ಉತ್ತರಿಸುತ್ತಿದ್ದಳು. ಆಗ ಅಂಗಡಿಯಲ್ಲಿರುತ್ತಿದ್ದ ಅಕ್ಕನಿಗೆ ಆ ಉತ್ತರಗಳು ಏನೆಂದು ತಿಳಿದಿರಲಿಲ್ಲ. ಈ ಸಲ ಅವಳ ಸರದಿ. ಎರಡು ದಿನ ಮುಂಚೆಯೇ ಸಿದ್ಧತೆಗಿಳಿದಳು. ದೊರೆ ಒದ್ದು ಸೀಳಿದ್ದ ಬಚ್ಚಲ ಬಾಗಿಲಿಗೆ ಟವೆಲ್ ನೇತುಹಾಕಿದಳು. ಅವನ ಗಡ್ಡ ತೆಗೆದು ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. "ಬನ್ನಿ, ಕೂತ್ಕೊಳ್ಳಿ, ನೀರು ಕುಡೀತೀರಾ" ಎಂಬ ಮೂರು ಮಾತನ್ನು ಮೂವತ್ತು ಸಲ ಹೇಳಿಸಿದಳು. ಮನೆಯ ಹುಳುಕು ಹೊಸ್ತಿಲು ದಾಟಬಾರದೆಂಬುದು ಅವಳಿಗೆ ಉಸಿರಾಟದಷ್ಟು ರೂಢಿ.

ದೊರೆ ಪಾಠ ಒಪ್ಪಿಸಿದ. ಒಂದು ಹನಿ ಚೆಲ್ಲದೆ ನೀರು ತಂದುಕೊಟ್ಟ.

"ತಾವೇ ಊಟ ಮಾಡ್ತಾರಾ?" ಎಂದು ಮೇಡಂ ಕೇಳಿದರು.

"ಮಾಡ್ತಾನೆ."

"ಬಚ್ಚಲಿಗೆ?"

"ತಾನೇ ಹೋಗ್ತಾನೆ."

"ಸಿಟ್ಟು?"

"ಅಯ್ಯೋ, ಅವನಿಗೆಲ್ಲಿ ಸಿಟ್ಟು ಮೇಡಂ! ಹಸು ಇದ್ದಂಗೆ."

ಯಾವುದೂ ಪೂರಾ ಸುಳ್ಳಲ್ಲ. ತಿಂಗಳಲ್ಲಿ ಒಂದೆರಡು ದಿನ ಎಲ್ಲವೂ ಹಾಗೆಯೇ ಇರುತ್ತಿತ್ತು.

ಹದಿನೈದು ದಿನಕ್ಕೆ ಪತ್ರ ಬಂತು. ಸ್ವಾವಲಂಬನೆಯಲ್ಲಿ ಗಮನಾರ್ಹ ಪ್ರಗತಿ ಕಂಡುಬಂದಿರುವುದರಿಂದ ನೆರವನ್ನು ವಾರಕ್ಕೆ ಒಂದು ಮಧ್ಯಾಹ್ನಕ್ಕೆ ಇಳಿಸಲಾಗಿದೆ. ಆಕ್ಷೇಪಣೆಯಿದ್ದರೆ ತಿಂಗಳೊಳಗೆ ಕೇಂದ್ರಕ್ಕೆ ಬಂದು ತಿಳಿಸಬಹುದು.

ಮಾಸ್ಟರ್ ಪತ್ರ ಓದಿ ಕನ್ನಡಕ ತೆಗೆದರು. "ಅಲ್ಲಮ್ಮಾ, ಅವ್ರೇನು ನಿನ್ನ ತಮ್ಮನಿಗೆ ಹೆಣ್ಣು ಕೊಡೋಕೆ ಬಂದಿದ್ರಾ? ಸಿಂಗಾರ ಮಾಡಿ ಕೂರಿಸಿದೀಯಲ್ಲ! ನಿನ್ನ ಕಾಲ ಮೇಲೆ ನೀನೇ ಕಲ್ಲು ಎಳ್ಕೊಂಡೆ." ಆಮೇಲೆ ದನಿ ತಗ್ಗಿಸಿದರು. "ವಾರಕ್ಕೆ ಒಂದೇ ದಿನ ಅಂದ್ರೆ ನಂಗೆ ಕಷ್ಟ. ಬೇರೆಯವರನ್ನ ನೋಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕೂ ಒಂದಿಷ್ಟು ತ್ರಾಣ ಬೇಕು.

ಕೇಂದ್ರಕ್ಕೆ ಹೋಗುವ ದಿನ ತಮ್ಮನನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ, ಜೊತೆಯಲ್ಲೇ ಕರೆದೊಯ್ದಳು.

"ನೀವು ಹೇಳಿದ್ದನ್ನೇ ನಾನು ಬರ್ಕೊಂಡಿದ್ದು," ಎಂದರು ಮೇಡಂ. "ಒಳ್ಳೇ ದಿನದ ಮಾತು ಸಾಕಮ್ಮ. ಕೆಟ್ಟ ದಿನ ಹೆಂಗಿರುತ್ತೆ, ಅದನ್ನ ಹೇಳಿ."

ಪಕ್ಕದ ಕುರ್ಚಿಯಲ್ಲಿ ತಮ್ಮ ಕಾಲಾಡಿಸುತ್ತ ಕೂತಿದ್ದ. ಅಂಥ ಮಾತನ್ನು ಅಕ್ಕ ಅವನ ಬೆನ್ನ ಹಿಂದೆಯೂ ಆಡಿದವಳಲ್ಲ.

"ತುತ್ತು ನಾನೇ ಇಡ್ಬೇಕು," ಎಂದಳು ಕೊನೆಗೆ, ಮೇಜಿನ ಅಂಚು ನೋಡುತ್ತ. "ಇಲ್ದಿದ್ರೆ ತಟ್ಟೆ ಎಸೀತಾನೆ."

"ಗೋಡೆಗೆ," ಎಂದು ದೊರೆ ಸೇರಿಸಿದ.

ಇಬ್ಬರೂ ತಿರುಗಿ ನೋಡಿದರು.

"ಹಾಸಿಗೆ ದಿನಾ ಒಗೀಬೇಕು."

"ದಿಂಬೂನೂ!" ಅವನ ಮುಖ ಅರಳಿತು. ತನ್ನ ವಿಷಯವನ್ನು ಇಷ್ಟು ಗಮನವಿಟ್ಟು, ಬರೆದುಕೊಳ್ಳುತ್ತ ಕೇಳಿದವರನ್ನು ಅವನು ಕಂಡಿರಲಿಲ್ಲ. "ಅಕ್ಕ, ಬಾಗ್ಲು ಒದ್ದಿದ್ದು ಹೇಳು. ಕೈ ಕಚ್ಚಿದ್ದು ಹೇಳು. ತೋರ್ಸು, ತೋರ್ಸು!"

ಅಕ್ಕ ತೋಳು ಸರಿಸಿದಳು. ಹಲ್ಲಿನ ಗುರುತುಗಳಿದ್ದವು, ಕೆಲವು ಹಳೆಯವು, ಒಂದು ಹೊಸದು. ಮೇಡಂ ಪೆನ್ನು ಕೆಳಗಿಟ್ಟರು.

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ ಮೇಡಂ? ಆಗಷ್ಟೇ ನಿಮಗೆ ನೀರು ತಂದ್ಕೊಟ್ಟಿದ್ದ."

ಮೇಡಂ ಹಳೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಹೊಸದನ್ನು ತುಂಬಿದರು. ಮೂರು ಮಧ್ಯಾಹ್ನಗಳು ಉಳಿದವು. 'ನಡತೆಯಲ್ಲಿ ತೀವ್ರ ಸಮಸ್ಯೆ' ಎಂಬ ಸಾಲಿನ ಕೆಳಗೆ ಅಕ್ಕ ಸಹಿ ಮಾಡಿದಳು. ಅಕ್ಷರ ತನ್ನದಲ್ಲವೆಂಬಂತೆ ಅದನ್ನೊಮ್ಮೆ ನೋಡಿದಳು.

ಹೊರಗೆ ಮೆಟ್ಟಿಲ ಬಳಿ ದೊರೆ ಅವಳನ್ನು ತಡೆದು ನಿಲ್ಲಿಸಿದ. "ನಾನು ಚೆನ್ನಾಗಿ ಹೇಳ್ದೆನಾ?"

"ಹೇಳ್ದೆ ಕಣೋ. ನನಗಿಂತ ಚೆನ್ನಾಗಿ."

ಅವಳಿಗೆ ಸ್ವಲ್ಪ ಕೂರಬೇಕೆನಿಸಿತು. ಮೆಟ್ಟಿಲ ಮೇಲೆಯೇ ಕೂತಳು. ಅವರ ಬಸ್ಸು ಬಂದು, ನಿಂತು, ಹೋಯಿತು. ಇನ್ನೊಂದು ಬರುತ್ತದೆ ಎಂದುಕೊಂಡು ಅವಳು ಕೂತೇ ಇದ್ದಳು.